ಬಲೆಯ ಸೀಸ

ಲಿಯೆಪಾಯಾ ಬಂದರಿನ ಹಿಂದೆ, ಬರಿದಾದ ಎಣ್ಣೆಯ ಟ್ಯಾಂಕು.
ಒಳಗೆ ಹೋಗಲು ಒಂದೇ ಕಿಂಡಿ,
ಹೊಟ್ಟೆ ಎಳೆದುಕೊಂಡು ನುಸುಳಬೇಕು.
ಅಲ್ಲಿ ಕೆಮ್ಮಿದರೆ ಕೆಮ್ಮು
ಅರ್ಧ ನಿಮಿಷ ಗೋಡೆ ಸುತ್ತಿ
ಇನ್ಯಾರದೋ ಆಗಿ ಮರಳುತ್ತದೆ.

ನನ್ನದು ಸಣ್ಣ ಕೆಲಸ.
ಚರ್ಚಿನವರು ಎಸೆದ ಹಾರ್ಮೋನಿಯಮ್ಮಿನಲ್ಲಿ
ಎವಿಯಾ ತೋರಿಸಿದ ಮನೆಯ ಮೇಲೆ ಸೀಸದ ಗುಂಡು ಇಡುವುದು,
ಅವಳು ತಲೆಯಾಡಿಸಿದಾಗ ತೆಗೆಯುವುದು.
ಗುಂಡುಗಳು ಅಮ್ಮನವು.
ಮೀನುಗಾರರ ಸಂಘದಲ್ಲಿ ಬಲೆ ಹೆಣೆಯುತ್ತಿದ್ದಳು,
ಸಂಘ ಮುಚ್ಚಿದ ದಿನ ಸಂಬಳದ ಬದಲು
ಒಂದು ಚೀಲ ಸೀಸ ಕೊಟ್ಟು ಕಳಿಸಿದರು.
ಬಲೆಯನ್ನು ಕಡಲ ತಳಕ್ಕೆ ಎಳೆಯಬೇಕಾದ್ದು
ಈಗ ಒಂದು ಸ್ವರವನ್ನು ಅದುಮಿ ಹಿಡಿದಿದೆ.
ತಿದಿ ಊದಲು ವ್ಯಾಕ್ಯೂಮ್ ಕ್ಲೀನರಿನ ಮೋಟಾರು,
ಗೋಣಿಯಲ್ಲಿ ಸುತ್ತಿಟ್ಟದ್ದು.

ಸಂಜೆ ಆರಕ್ಕೆ ಶುರು. ರಾತ್ರಿ ಎರಡರವರೆಗೆ.
ನಲವತ್ತೊಂದು ಜನ, ಕಂಬಳಿ, ಥರ್ಮಾಸು.

ಮೊದಲ ಗಂಟೆ ಏನೂ ಆಗುವುದಿಲ್ಲ.
ಇದನ್ನು ಯಾರೂ ಮುಂಚೆ ಹೇಳುವುದಿಲ್ಲ.
ಮೂಗು ತುರಿಸುತ್ತದೆ. ಗ್ಯಾಸು ಆರಿಸಿದೆನೇ?
ಯಾರಿಗೋ ಕೊಡಬೇಕಾದ ಹದಿನೈದು ಯೂರೋ
ಹಲ್ಲಿನ ಸಂದಿಯ ನಾರು.

ಆಮೇಲೆ ಸ್ವರ ಸೀಳುತ್ತದೆ.
ಒಂದು ಎಂದುಕೊಂಡದ್ದರೊಳಗೆ ಎರಡು,
ಎರಡರ ನಡುವೆ ಉಜ್ಜಾಟ, ಉಜ್ಜಾಟಕ್ಕೊಂದು ತಾಳ,
ಕುತ್ತಿಗೆಯ ನಾಡಿ ಅದಕ್ಕೆ ಹೆಜ್ಜೆ ಕೂಡಿಸಿ...
ತಲೆ ತುಸು ವಾಲಿಸಿದರೆ ಎಲ್ಲಿಂದಲೋ ಒಂದು ಕೊಳಲು,
ನೇರ ಮಾಡಿದರೆ ಇಲ್ಲ.
ಹಾಡುವವರಿಲ್ಲ. ಆದರೂ ಕಬ್ಬಿಣದ ಆಚೆ
ಹೆಂಗಸರ ಗುಂಪೊಂದು ಸಾಲಾಗಿ ಕೂತು
ಮಾತಿಗೆ ಸ್ವಲ್ಪ ಮುಂಚಿನದೇನನ್ನೋ ಗುನುಗುತ್ತಿದೆ.
ಅವರಲ್ಲಿ ಅಮ್ಮನ ದನಿಯನ್ನು ನಾನು ಹುಡುಕಲಿಲ್ಲ.
ಹುಡುಕಲಿಲ್ಲ, ನಿಜವಾಗಿ.

ನಾಲ್ಕನೆಯ ಗಂಟೆಗೆ ನನ್ನ ಬೆರಳು ಎಲ್ಲಿ ಮುಗಿದು
ಸೀಸ ಎಲ್ಲಿ ಶುರುವೋ ತಿಳಿಯದೆ ಕೂತಿದ್ದೆ.
ಹೆಸರು ಕೇಳಿದ್ದರೆ ಯೋಚಿಸಬೇಕಿತ್ತು.
ಭಯವೇ? ಇಲ್ಲ. ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿದಂತೆ,
ಹೋಗುವಾಗ ತೊಟ್ಟರಾಯಿತು ಎಂಬಂಥ ಧೈರ್ಯ.
ರೀಗಾದಿಂದ ಬಂದ ದಂತವೈದ್ಯೆ ಸದ್ದಿಲ್ಲದೆ ಅಳುತ್ತಿದ್ದಳು.
ಪಕ್ಕದವನು ತನ್ನ ಅಂಗೈಯನ್ನೇ
ತಡವಾಗಿ ತಲುಪಿದ ಕಾಗದದಂತೆ ಓದುತ್ತಿದ್ದ.

ಆಗ ಎದ್ದವನು ತಾಲಿವಾಲ್ಡಿಸ್.
ಎಪ್ಪತ್ತಮೂರು. ಟ್ರಾಲರಿನ ಇಂಜಿನ್ ಕೋಣೆಯಲ್ಲಿ ಮೂವತ್ತು ವರ್ಷ.
ಟ್ಯಾಂಕಿನ ಬೀಗದ ಕೈ ಅವನ ಬಳಿ, ಹಾಗಾಗಿ ಬಂದವನು;
ಶುರುವಾದ ಹತ್ತೇ ನಿಮಿಷಕ್ಕೆ ಗೊರಕೆ.
ಮಲಗಿದವರನ್ನು ದಾಟಿ, ಯಾರ ಕೈಯನ್ನೂ ತುಳಿಯದೆ
ನೆಟ್ಟಗೆ ಮೋಟಾರಿನ ಬಳಿ ಬಂದ.
ಗಬ್ಬದ ಹಸುವಿನ ಹೊಟ್ಟೆಗೆ ಇಡುವಂತೆ ಅಂಗೈ ಇಟ್ಟ.
ನನ್ನ ಕಿವಿಗೆ ಬಾಯಿ ಹಚ್ಚಿ,
“ಬೇರಿಂಗು ಒಣಗಿದೆ. ಎಣ್ಣೆ ಇದೆಯಾ?”

ಎಣ್ಣೆಯ ಟ್ಯಾಂಕಿನಲ್ಲಿ ಎಣ್ಣೆ ಇರಲಿಲ್ಲ.
ಯಾರದೋ ಬುತ್ತಿಯಿಂದ ಹೊಗೆಮೀನಿನ ಡಬ್ಬಿ ತೆರೆದು
ಕಿರುಬೆರಳಲ್ಲಿ ನಾಲ್ಕು ಹನಿ ಬಿಟ್ಟ.

ಹೆಂಗಸರು ನಿಂತರು.
ಇಡೀ ಸಾಲು, ಒಂದೇ ಉಸಿರಿಗೆ.
ಸ್ವರ ಮಾತ್ರ ಉಳಿಯಿತು, ತೊಳೆದ ತಟ್ಟೆಯಂತೆ.
ಯಾರೋ ಕೋಣೆ ಬಿಟ್ಟು ಹೋದರೆಂಬಂತೆ
ದಂತವೈದ್ಯೆ ತಲೆಯೆತ್ತಿ ಕಿಂಡಿಯತ್ತ ನೋಡಿದಳು.
ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು
ಹೋಗಿ ಮತ್ತೆ ಮಲಗಿದ.
ನನಗೆ ಸಿಟ್ಟು ಬಂತು. ಆಮೇಲೆ ನಗು. ಆಮೇಲೆ
ಮೂರೂವರೆ ಗಂಟೆ ಏನು ಬಂತೋ ಅದಕ್ಕೆ ಹೆಸರಿಲ್ಲ,
ಮೀನಿನ ವಾಸನೆ ಇದೆ.

ಎರಡಕ್ಕೆ ಎವಿಯಾ ತಲೆಯಾಡಿಸಿದಳು.
ಕೊನೆಯ ಗುಂಡನ್ನು ಎತ್ತಿದೆ.
ಕಬ್ಬಿಣ ಅದನ್ನಿನ್ನೂ ಬಿಟ್ಟಿರಲಿಲ್ಲ, ಹಾಗಾಗಿ
ಮುಗಿದದ್ದು ನಲವತ್ತು ಜನಕ್ಕೆ ಗೊತ್ತಾಗಲಿಲ್ಲ.
ಒಬ್ಬ ಮಾತ್ರ ಧಡಕ್ಕನೆ ಎದ್ದು ಕೂತು,
ಕತ್ತಲಲ್ಲಿ ಬೂಟು ತಡಕುತ್ತ,
“ಯಾಕೆ ನಿಂತಿತು?” ಅಂದ.
“ಎಲ್ಲಿದ್ದೇವೆ?”